ಮನೆಯ ಬೆಕ್ಕಿಗೆ ಮಧುಮೇಹ ಬಂದಾಗ



ಮಧುಮೇಹದ ವಿಷಯವಾಗಿ ಈ ಆರೋಗ್ಯ ವಿಭಾಗದಲ್ಲಿ ಹಲವು ಬಾರಿ ಬರೆದಿದ್ದೇನೆ. ಮೆಂತ್ಯ, ನೆಲ್ಲಿಕಾಯಿ, ನಡಿಗೆ, ನಿದ್ರೆ, ಪಥ್ಯ ಇವುಗಳ ಮಾತು ನಿಮಗೆ ಹೊಸದಲ್ಲ. ಈ ತಿಂಗಳ ಲೇಖನವೂ ಮಧುಮೇಹವನ್ನು ಕುರಿತದ್ದೇ. ರೋಗಿ ಮಾತ್ರ ಬೇರೆ. ನಮ್ಮ ಮನೆಯಲ್ಲಿ 9 ವರ್ಷಗಳಿಂದ ಬೆಳೆದ ಬೆಕ್ಕಿಗೆ ಕಳೆದ ವರ್ಷ ಈ ರೋಗ ಬಂದಿತು. 35 ವರ್ಷ ಮಧುಮೇಹಿಗಳ ನಾಡಿ ನೋಡಿದ ನಾನು ಅದನ್ನು ಸಕಾಲದಲ್ಲಿ ಗುರುತಿಸಲಿಲ್ಲ. ಗುರುತಿಸಿದ ಮೇಲೆ ಮಾಡಿದ್ದೂ ತಪ್ಪಾಯಿತು. ಆ ತಪ್ಪನ್ನು ಮುಚ್ಚಿಡುವುದಕ್ಕಿಂತ ನಿಮ್ಮ ಮುಂದೆ ಇಡುವುದೇ ಲೇಸೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇಂದು ಪಟ್ಟಣಗಳಲ್ಲಿಯಂತೂ ಸರಿ, ಹಳ್ಳಿಗಳಲ್ಲಿಯೂ ಬೆಕ್ಕು ಇಲಿ ಹಿಡಿಯುವ ಕೆಲಸವನ್ನು ಬಿಟ್ಟು ಮನೆಮಂದಿಯಲ್ಲಿ ಒಂದಾಗಿ ಉಂಡು ಮಲಗುತ್ತಿದೆ. ನಾಳೆ ನಿಮ್ಮಲ್ಲೊಬ್ಬರ ಮನೆಯಲ್ಲಿಯೂ ಇಂಥ ಪ್ರಸಂಗ ಒದಗೀತು.

ಬಚ್ಚಲ ಕಲ್ಲಿನ ಇರುವೆಗಳು

ಬೆಕ್ಕಿನ ಹೆಸರು ಗುಂಡ. ಮೊಮ್ಮಗಳು ಮೂರು ವರ್ಷದವಳಿದ್ದಾಗ ಹಿತ್ತಿಲ ಬಣವೆಯ ಬುಡದಲ್ಲಿ ಸಿಕ್ಕ ಮರಿ ಅದು. ವರ್ಷ ತುಂಬುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಅನಂತರ ಅದು ಓಣಿ ಅಲೆಯುವುದನ್ನು ನಿಲ್ಲಿಸಿತು. ಬೆಳಿಗ್ಗೆ ಹಾಲು ಅನ್ನ, ಮಧ್ಯಾಹ್ನ ಮೊಸರನ್ನ, ಸಂಜೆ ಕೆನೆ ಸವರಿದ ರೊಟ್ಟಿ, ನಡುನಡುವೆ ಮೊಮ್ಮಗಳು ಅಂಗಡಿಯಿಂದ ತರಿಸಿದ ಕಾಳಿನಂಥ ಒಣ ಆಹಾರ. ಉಂಡ ಮೇಲೆ ನನ್ನ ಆರಾಮಕುರ್ಚಿಯ ಮೇಲೆ ನಿದ್ರೆ. 7 ಕಿಲೋ ತೂಗುತ್ತಿತ್ತು. ಬಂದವರು "ಡಾಕ್ಟರ ಮನಿ ಬೆಕ್ಕು ಹೆಂಗ ಮೈ ತುಂಬಿಕೊಂಡೈತಿ ನೋಡ್ರಿ" ಎಂದು ಹೊಗಳಿದರೆ ನಮಗೂ ಹೆಮ್ಮೆಯೇ.

ಕಳೆದ ಶ್ರಾವಣದ ಹೊತ್ತಿಗೆ ಗುಂಡನ ಮೈ ಇಳಿಯತೊಡಗಿತು. ಊಟ ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಹೆಚ್ಚಾಗಿಯೇ ಕೇಳುತ್ತಿತ್ತು. ಬಚ್ಚಲಿನ ಬಕೆಟ್ಟಿಗೆ ಮತ್ತೆ ಮತ್ತೆ ಬಾಯಿ ಹಾಕುತ್ತಿತ್ತು. ವಯಸ್ಸಾಯಿತೆಂದು ಸುಮ್ಮನಾದೆವು. ಮಣ್ಣು ಕೆದರಿ ಮೂತ್ರ ಮಾಡಿ ಮುಚ್ಚಿಬರುತ್ತಿದ್ದ ಬೆಕ್ಕು ಬಚ್ಚಲ ಕಲ್ಲಿನ ಮೇಲೆಯೇ ಮಾಡಲಾರಂಭಿಸಿದಾಗ ನಮ್ಮ ಮನೆಯವರು ಅದನ್ನು ಗದರಿದರು. ಒಂದು ಮುಂಜಾನೆ ಮೊಮ್ಮಗಳು ಒಳಗಿನಿಂದ ಕೂಗಿದಳು: "ಅಜ್ಜಾ, ಗುಂಡ ಉಚ್ಚಿ ಹೊಯ್ದಲ್ಲೆ ಎಷ್ಟ್ ಇರಿವಿ ಮುತ್ಯಾವ ನೋಡ ಬಾ."

ಮೂತ್ರಕ್ಕೆ ಇರುವೆ ಮುತ್ತುವುದು ಪ್ರಮೇಹದ ಸೂಚನೆಯೆಂದು ನಮ್ಮ ಸಂಹಿತೆಗಳು ಎಂದೋ ಹೇಳಿವೆ. ವಿದ್ಯಾರ್ಥಿಯಾಗಿದ್ದಾಗ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವನು ನಾನು. ಅದೇ ಸೂಚನೆ ನನ್ನ ಮನೆಯ ಬಚ್ಚಲಿನಲ್ಲಿ ಎಷ್ಟು ದಿನಗಳಿಂದ ಇತ್ತೋ! ಅದು ಕಣ್ಣಿಗೆ ಬಿದ್ದದ್ದು 12 ವರ್ಷದ ಹುಡುಗಿಗೆ.

ಮೂತ್ರಪರೀಕ್ಷೆಯ ಪಟ್ಟಿಯನ್ನು ಅದ್ದಿ ನೋಡಿದೆ, ಸಕ್ಕರೆ ಇತ್ತು. ಅಂದೇ ಪಶುವೈದ್ಯರನ್ನು ಕಾಣಬೇಕಿತ್ತು. ನನಗೆ ಗೊತ್ತಿರುವ ರೋಗವೇ ಅಲ್ಲವೇ ಎಂಬ ಭಾವ ಅಡ್ಡ ಬಂದಿತು. ಮನುಷ್ಯರಿಗೆ ಕೊಡುವ ಅರಿಸಿನ-ನೆಲ್ಲಿಯ ಚೂರ್ಣವನ್ನೇ ಚಿಟಿಕೆಯಷ್ಟು ಹಾಲಿನಲ್ಲಿ ಕಲಸಿ ನೆಕ್ಕಿಸಿದೆ. ಲಂಘನವೂ ಆಗಲೆಂದು ಊಟವನ್ನು ಅರ್ಧಕ್ಕೆ ಇಳಿಸಿದೆ. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಗುಂಡ ವಾಂತಿ ಮಾಡಿ, ನೀರನ್ನೂ ಮುಟ್ಟದೆ, ದೇವರ ಕೋಣೆಯ ಹೊರಗಿನ ಮೂಲೆಯಲ್ಲಿ ಮಲಗಿಬಿಟ್ಟಿತು. ಎತ್ತಿಕೊಂಡರೆ ಬಾಯಿಯಿಂದ ಕಳಿತ ಹಣ್ಣಿನ ವಾಸನೆ. ಆ ವಾಸನೆಯ ಅರ್ಥ ನನಗೆ ತಿಳಿದಿತ್ತು, ಕೈ ನಡುಗಿತು.

ಹುಬ್ಬಳ್ಳಿಯ ಒಂದು ಸಾಕುಪ್ರಾಣಿ ಚಿಕಿತ್ಸಾಲಯಕ್ಕೆ ಒಯ್ದೆವು. ರಕ್ತದ ಸಕ್ಕರೆ 486. ಮೂತ್ರದಲ್ಲಿ ಕೀಟೋನ್ ಎಂಬ ಆಮ್ಲಪದಾರ್ಥಗಳು ತುಂಬಿದ್ದವು. ತೂಕ 5 ಕಿಲೋ 200 ಗ್ರಾಂ. ನಾಲ್ಕು ದಿನ ಸಲೈನ್, ಪೊಟ್ಯಾಶಿಯಂ, ಇನ್ಸುಲಿನ್ ಕೊಟ್ಟು ಅಲ್ಲಿನ ಯುವ ಪಶುವೈದ್ಯೆ ಅದನ್ನು ಉಳಿಸಿದರು. ನಾನು ಮಾಡಿದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಸರ್, ನಿಮ್ಮ ಚೂರ್ಣವನ್ನು ನಾನು ದೂರುವುದಿಲ್ಲ. ಈ ಬೆಕ್ಕಿಗೆ ಬೇಕಾಗಿದ್ದದ್ದು ಇನ್ಸುಲಿನ್ ಮತ್ತು ಊಟ. ಆ ಎಂಟು ದಿನ ಎರಡೂ ಸಿಗಲಿಲ್ಲ. ನಾಳೆ ಬಂದಿದ್ದರೆ ನನ್ನ ಕೈಲೂ ಆಗುತ್ತಿರಲಿಲ್ಲ" ಎಂದರು. ನನ್ನ ಮಗಳ ವಯಸ್ಸಿನ ಆ ವೈದ್ಯೆ ಅಂದು ಹೇಳಿಕೊಟ್ಟದ್ದನ್ನೂ, ಈ ಒಂದು ವರ್ಷದಲ್ಲಿ ನಾವು ಮನೆಯಲ್ಲಿ ಕಲಿತದ್ದನ್ನೂ ಮುಂದೆ ನಿರೂಪಿಸುತ್ತೇನೆ.

ರೋಗದ ಸ್ವರೂಪ

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳ ಒಳಗೆ ಹೋಗಿ ಶಕ್ತಿಯಾಗಬೇಕಾದರೆ ಅದು ಬೇಕು. ಬೆಕ್ಕುಗಳಿಗೆ ಬರುವ ಮಧುಮೇಹ ಬಹುಮಟ್ಟಿಗೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೊದಲು ಶರೀರವು ಇನ್ಸುಲಿನ್ನಿಗೆ ಮಣಿಯುವುದನ್ನು ಬಿಡುತ್ತದೆ. ಬಳಿಕ ಗ್ರಂಥಿಯೇ ದಣಿದು ಇನ್ಸುಲಿನ್ ಕಡಿಮೆಯಾಗುತ್ತದೆ. ಸಕ್ಕರೆ ರಕ್ತದಲ್ಲಿ ತುಂಬಿದ್ದರೂ ಅಂಗಾಂಗಗಳಿಗೆ ಉಪವಾಸ. ಆಗ ಶರೀರವು ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳುತ್ತದೆ. ಎಷ್ಟು ಉಂಡರೂ ಮೈ ಇಳಿಯುವುದು ಇದೇ ಕಾರಣಕ್ಕೆ.

ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ನೂರರಿಂದ ಐನೂರು ಸಾಕುಬೆಕ್ಕುಗಳಲ್ಲಿ ಒಂದಕ್ಕೆ ಈ ರೋಗ ಬರುತ್ತದೆ. ನಡುವಯಸ್ಸು ದಾಟಿದ, ಸಂತಾನಹರಣವಾದ, ಮನೆಯೊಳಗೇ ಇರುವ, ಮೈ ಬೆಳೆಸಿದ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಚರ್ಮರೋಗ, ಉಬ್ಬಸ ಮೊದಲಾದವುಗಳಿಗಾಗಿ ದೀರ್ಘಕಾಲ ಸ್ಟಿರಾಯ್ಡ್ ಕೊಟ್ಟ ಬೆಕ್ಕುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸುಖವಾಗಿ ಕುಳಿತಿರುವುದು, ಅತಿಯಾದ ನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇವುಗಳನ್ನು ಚರಕಾಚಾರ್ಯರು ಮನುಷ್ಯರ ಪ್ರಮೇಹಕ್ಕೆ ಕಾರಣವಾಗಿ ಹೇಳಿದ್ದಾರೆ. ಬೆಲ್ಲ ಒಂದನ್ನು ಬಿಟ್ಟರೆ ಉಳಿದೆಲ್ಲವನ್ನೂ ನಾವು ಗುಂಡನಿಗೆ ಪ್ರೀತಿಯಿಂದಲೇ ಒದಗಿಸಿದ್ದೆವು.

ಯಾವಾಗ ಶಂಕಿಸಬೇಕು?

ಬೆಕ್ಕು ತನ್ನ ನೋವನ್ನು ಮರೆಮಾಡುವ ಪ್ರಾಣಿ. ಆದ್ದರಿಂದ ಸಾಕಿದವರ ಕಣ್ಣೇ ಮೊದಲ ಪರೀಕ್ಷೆ. ಈ ಲಕ್ಷಣಗಳನ್ನು ಗಮನದಲ್ಲಿಡಿ:

1. ನೀರು ಕುಡಿಯುವುದು ಮತ್ತು ಮೂತ್ರ ಮಾಡುವುದು ಎರಡೂ ಹೆಚ್ಚುವುದು; ರೂಢಿಯಿಲ್ಲದ ಸ್ಥಳದಲ್ಲಿ ಮೂತ್ರ ಮಾಡುವುದು.

2. ಹಸಿವು ಚೆನ್ನಾಗಿದ್ದರೂ ತೂಕ ಇಳಿಯುವುದು. ಬೆನ್ನೆಲುಬು ಕೈಗೆ ಹತ್ತುವುದು.

3. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದನ್ನು ಬಿಡುವುದು. ಕೂದಲು ಒರಟಾಗಿ ಜಡೆಗಟ್ಟುವುದು.

4. ಎತ್ತರಕ್ಕೆ ನೆಗೆಯಲಾರದಿರುವುದು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುವುದು. ನರಗಳು ದುರ್ಬಲವಾದುದರ ಚಿಹ್ನೆಯಿದು.

5. ವಾಂತಿ, ಊಟ ಬಿಡುವುದು, ಬಾಯಿಯಲ್ಲಿ ಕಳಿತ ಹಣ್ಣಿನ ವಾಸನೆ, ಎದ್ದೇಳಲಾರದ ನಿಶ್ಶಕ್ತಿ. ಇವು ಕಂಡರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಪರೀಕ್ಷೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಬುಟ್ಟಿಯಲ್ಲಿ ಹಾಕಿ, ಬಸ್ಸಿನಲ್ಲಿ ಒಯ್ದು, ನಾಯಿ ಬೊಗಳುವ ಕಡೆ ಕೂರಿಸಿದರೆ ಆರೋಗ್ಯವಂತ ಬೆಕ್ಕಿನ ರಕ್ತದ ಸಕ್ಕರೆಯೂ ಹೆದರಿಕೆಯಿಂದ 300ಕ್ಕೆ ಏರಬಹುದು. ಆದ್ದರಿಂದ ಒಂದೇ ಒಂದು ರಕ್ತಪರೀಕ್ಷೆಯನ್ನು ನಂಬಿ ಮಧುಮೇಹವೆಂದು ತೀರ್ಮಾನಿಸಲಾಗದು. ಲಕ್ಷಣಗಳನ್ನೂ ಮೂತ್ರದ ಸಕ್ಕರೆಯನ್ನೂ ಕೂಡಿಸಿ ನೋಡುತ್ತಾರೆ. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯೂ ಉಂಟು. ಮೂತ್ರಪಿಂಡ, ಥೈರಾಯ್ಡ್, ಹಲ್ಲು, ಮೂತ್ರದ ಸೋಂಕು ಇವುಗಳನ್ನೂ ಪರೀಕ್ಷಿಸಿದರೆ ಒಳ್ಳೆಯದು. ಬಾಯಿಯಲ್ಲಿ ಕೀವಿದ್ದರೂ ಸಕ್ಕರೆ ಹಿಡಿತಕ್ಕೆ ಬಾರದು.

ಬೆಕ್ಕಿನ ಪ್ರಕೃತಿಯೇ ಬೇರೆ

ಪ್ರಕೃತಿಯನ್ನು ಅರಿಯದೆ ಔಷಧ ಕೊಡಬಾರದೆಂಬುದು ಆಯುರ್ವೇದದ ಮೊದಲ ಪಾಠ. ನಾನು ಎಡವಿದ್ದು ಅಲ್ಲಿಯೇ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. ಆನೆಗಳಿಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗಳಿಗೆ ಶಾಲಿಹೋತ್ರನ ಶಾಸ್ತ್ರ ಬೇರೆ ಬೇರೆಯಾಗಿಯೇ ಹುಟ್ಟಿದವು. ನಮ್ಮ ಕನ್ನಡದಲ್ಲಿ 12ನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯ ವಂಶದ ಕೀರ್ತಿವರ್ಮನು ದನಗಳಿಗಾಗಿ ಗೋವೈದ್ಯವನ್ನು ರಚಿಸಿದನು. ಕುದುರೆಯ ಮದ್ದು ಆನೆಗೆ ಆಗದು, ಮನುಷ್ಯನ ಮದ್ದು ಹಸುವಿಗೆ ಆಗದು ಎಂಬ ತಿಳಿವಳಿಕೆ ಇದ್ದುದರಿಂದಲೇ ಅವರು ಹೀಗೆ ಪ್ರತ್ಯೇಕ ಶಾಸ್ತ್ರಗಳನ್ನು ಬರೆದರು.

ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಕರಗಿಸುವ ಅಂಶವಿಲ್ಲ. ನಮ್ಮ ಯಕೃತ್ತು ಊಟದ ಸಕ್ಕರೆಯನ್ನು ಹೀರಿಕೊಳ್ಳುವಷ್ಟು ಚುರುಕಾಗಿ ಬೆಕ್ಕಿನದು ಹೀರಿಕೊಳ್ಳಲಾರದು. ಅದಕ್ಕೆ ಸಿಹಿಯ ರುಚಿಯೇ ತಿಳಿಯದೆಂದೂ, ಸಿಹಿಯನ್ನು ಗ್ರಹಿಸುವ ಅದರ ಜೀನು ಕೆಲಸ ಮಾಡದೆಂದೂ 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೆಳೆದ ಬೆಕ್ಕುಗಳಲ್ಲಿ ಅನೇಕವಕ್ಕೆ ಹಾಲು ಜೀರ್ಣವಾಗುವುದೂ ಕಷ್ಟ. ಬೆಕ್ಕಿಗೆ ಹಾಲೇ ಅಮೃತವೆಂಬ ನಮ್ಮ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ.

ಇದರಿಂದ ಕೆಲವು ಎಚ್ಚರಿಕೆಗಳು ಒದಗುತ್ತವೆ. ಮೊದಲನೆಯದು, ಬೆಕ್ಕಿಗೆ ಲಂಘನ ಸಲ್ಲದು. ಮೈ ಬೆಳೆಸಿದ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಕೊಬ್ಬು ಯಕೃತ್ತಿನಲ್ಲಿ ತುಂಬಿ ಕಾಮಾಲೆಯಾಗಿ ಪ್ರಾಣಕ್ಕೆ ಎರವಾಗುತ್ತದೆ. ತೂಕ ಇಳಿಸಬೇಕಾದರೂ ವೈದ್ಯರ ಲೆಕ್ಕದಂತೆ ವಾರಕ್ಕೆ ನೂರರಲ್ಲಿ ಒಂದು ಪಾಲಿನಷ್ಟು, ನಿಧಾನವಾಗಿ ಇಳಿಸಬೇಕು. ಎರಡನೆಯದು, ಅನೇಕ ಔಷಧದ್ರವ್ಯಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಶಕ್ತಿ ಬೆಕ್ಕಿನಲ್ಲಿ ಬಹಳ ದುರ್ಬಲ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಆದರೂ ಬೆಕ್ಕನ್ನು ಕೊಲ್ಲಬಲ್ಲದು. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ. ಹಾಗಲಕಾಯಿಯ ರಸ, ಮೆಂತ್ಯದ ನೀರು, ಮಧುನಾಶಿನಿಯ ಪುಡಿ ಇವು ಮನುಷ್ಯರಿಗೆ ಪರಿಚಿತ. ಬೆಕ್ಕಿನ ಇನ್ಸುಲಿನ್ನಿನ ಸ್ಥಾನವನ್ನು ಇವು ತುಂಬಲಾರವು. ಆಯುರ್ವೇದದಲ್ಲಿ ಬಾಳು ಸವೆಸಿದ ನಾನೇ ಈ ಮಾತನ್ನು ಹೇಳುತ್ತಿದ್ದೇನೆಂಬುದನ್ನು ಗಮನಿಸಿ.

ಮೂರನೆಯದು, ಹಿರಿಯರ ಸಕ್ಕರೆ ಮಾತ್ರೆಗಳನ್ನು ಅರ್ಧ, ಕಾಲು ಮಾಡಿ ಹಾಕಬೇಡಿ. ನಮ್ಮಲ್ಲಿ ಮನೆಮನೆಯಲ್ಲಿರುವ ಮೆಟ್‌ಫಾರ್ಮಿನ್ ಬೆಕ್ಕುಗಳಲ್ಲಿ ಅಷ್ಟಾಗಿ ಫಲ ಕೊಡುವುದಿಲ್ಲ. ಅಮೆರಿಕದಲ್ಲಿ 2022ರ ಕೊನೆಯಲ್ಲಿ ಬೆಕ್ಸಾಗ್ಲಿಫ್ಲೋಜಿನ್, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ಬಾಯಿಯ ಮೂಲಕ ಕೊಡುವ ಔಷಧಗಳಿಗೆ ಬೆಕ್ಕಿಗೆಂದೇ ಒಪ್ಪಿಗೆ ದೊರೆಯಿತು. ಅವನ್ನೂ ಇನ್ಸುಲಿನ್ ಪಡೆಯದ, ಬೇರೆ ಕಾಯಿಲೆಯಿಲ್ಲದ ಬೆಕ್ಕುಗಳಿಗೆ, ಕೀಟೋನಿನ ಮೇಲೆ ನಿಗಾ ಇಟ್ಟು ಕೊಡುತ್ತಾರೆ. ಅದೇ ಜಾತಿಯ ಮನುಷ್ಯರ ಮಾತ್ರೆಯನ್ನು ಮನೆಯಲ್ಲಿ ಪ್ರಯೋಗಿಸುವುದು ಅಪಾಯ.

ಸಸ್ಯಾಹಾರಿ ಮನೆಯ ಪ್ರಶ್ನೆ

ಗುಂಡನನ್ನು ಮನೆಗೆ ಕಳಿಸುವಾಗ ಪಶುವೈದ್ಯೆ ಹೇಳಿದ ಪಥ್ಯ ನಮ್ಮ ಮನೆಯನ್ನು ಮೂರು ದಿನ ಮೌನಕ್ಕೆ ತಳ್ಳಿತು. ಹಾಲು, ಅನ್ನ, ರೊಟ್ಟಿ, ಪಿಷ್ಟ ಹೆಚ್ಚಿರುವ ಒಣ ಕಾಳಿನ ಆಹಾರ ಎಲ್ಲವೂ ನಿಲ್ಲಬೇಕು. ಮಾಂಸ ಅಥವಾ ಮೀನಿನಿಂದ ಮಾಡಿದ, ಪ್ರೋಟೀನ್ ಅಧಿಕವಾಗಿರುವ, ಪಿಷ್ಟದಿಂದ ಬರುವ ಶಕ್ತಿ ನೂರರಲ್ಲಿ ಹನ್ನೆರಡು ಪಾಲು ಮೀರದಿರುವ ತೇವವುಳ್ಳ ಆಹಾರವನ್ನು ಕೊಡಬೇಕು. ತಲೆತಲಾಂತರದಿಂದ ಸಸ್ಯಾಹಾರಿಗಳಾದ ನಮ್ಮ ಮನೆಯ ಹೊಸಿಲೊಳಗೆ ಇದು ಬರುವುದೆಂತು?

"ಅದೊಂದು ಬಿಟ್ಟು ಬ್ಯಾರೆ ಏನಾರ ಹೇಳ್ರಿ" ಎಂದರು ನಮ್ಮ ಮನೆಯವರು. ಬೇಳೆ, ಪನೀರು, ಸೋಯಾ ಕೊಟ್ಟರಾಗದೇ ಎಂದು ನಾನೂ ಫೋನಿನಲ್ಲಿ ವಿಚಾರಿಸಿದೆ. ಆಗದೆಂದು ಪಶುವೈದ್ಯೆ ವಿವರಿಸಿದರು. ಟೌರಿನ್ ಎಂಬ ಅಂಶವನ್ನು ಬೆಕ್ಕಿನ ಶರೀರ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಹಜವಾಗಿ ದೊರೆಯುವುದು ಮಾಂಸ, ಮೀನುಗಳಲ್ಲಿ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸಡಿಲಗೊಳ್ಳುತ್ತದೆ. ನಾವು ಗಜ್ಜರಿಯಿಂದ ಪಡೆಯುವ ಎ ಜೀವಸತ್ವವನ್ನೂ ಬೆಕ್ಕು ಸಸ್ಯದಿಂದ ಪಡೆಯಲಾರದು. ಇಷ್ಟು ವರ್ಷ ಗುಂಡ ಉಳಿದದ್ದು ಮೊಮ್ಮಗಳು ತರಿಸುತ್ತಿದ್ದ ಆ ಒಣ ಆಹಾರದಿಂದ ಮತ್ತು ಹಿತ್ತಿಲಲ್ಲಿ ತಾನೇ ಹಿಡಿಯುತ್ತಿದ್ದ ಇಲಿ, ಹಲ್ಲಿಗಳಿಂದ ಎಂದು ಆಗ ಹೊಳೆಯಿತು.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಮನೆಯವರೇ ಮಾತು ತೆಗೆದರು: "ಅದರ ಹುಟ್ಟ ಹಂಗೈತಿ, ಅದೇನ್ ಮಾಡೀತು? ಆಕಳಿಗೆ ಹುಲ್ಲ ಹಾಕಿದಂಗ ಇದಕ್ಕ ಇದನ್ನ ಹಾಕೂದು. ಹಿತ್ತಲ ಕಟ್ಟಿ ಮ್ಯಾಲ ಬ್ಯಾರೆ ತಾಟ ಇಡ್ರಿ, ನಾನ ತೊಳಿತೀನಿ." ಅಂದಿನಿಂದ ಹಿತ್ತಿಲಲ್ಲಿ ಬೇರೆ ತಟ್ಟೆ, ಬೇರೆ ಚಮಚ. ಡಬ್ಬಿಯ ಆಹಾರವನ್ನು ಅಡುಗೆಮನೆಗೆ ತರದೆ ಅಲ್ಲಿಯೇ ತೆರೆಯುತ್ತೇವೆ. ನಮ್ಮ ಊಟದಲ್ಲಿ ಏನೂ ಬದಲಾಗಿಲ್ಲ. ಇದನ್ನು ಮಾಂಸಾಹಾರದ ಸಮರ್ಥನೆಯೆಂದು ಯಾರೂ ಭಾವಿಸಬಾರದು. ನಮ್ಮ ವ್ರತ ನಮ್ಮದು; ಅದನ್ನು ಮೂಕಪ್ರಾಣಿಯ ಮೇಲೆ ಹೇರಿ ಅದರ ಕಣ್ಣನ್ನೂ ಹೃದಯವನ್ನೂ ಕೆಡಿಸಿದರೆ ಅದು ದಯೆ ಎನಿಸಿಕೊಳ್ಳದು. ಇಂಥ ಆಹಾರ ತಮ್ಮ ಅಂಗಳಕ್ಕೂ ಬರಕೂಡದೆನ್ನುವ ಭಕ್ತರು ಬೆಕ್ಕನ್ನು ಸಾಕುವ ಮೊದಲೇ ಯೋಚಿಸುವುದು ಒಳಿತು.

ಇಲ್ಲಿ ಎರಡು ಮಾತು ಮುಖ್ಯ. ಬರಿಯ ಬೇಯಿಸಿದ ಕೋಳಿಮಾಂಸ ಪೂರ್ಣಾಹಾರವಲ್ಲ; ಅದರಲ್ಲಿ ಸುಣ್ಣದಂಶ ಸಾಲದು. ಬೆಕ್ಕಿಗೆ ಪೂರ್ಣಾಹಾರವೆಂದು ಡಬ್ಬಿಯ ಮೇಲೆ ನಮೂದಿಸಿದ್ದನ್ನೇ ಆರಿಸಬೇಕು. ಇನ್ನೊಂದು, ಇನ್ಸುಲಿನ್ ನಡೆಯುತ್ತಿರುವಾಗ ವೈದ್ಯರಿಗೆ ತಿಳಿಸದೆ ಪಥ್ಯ ಬದಲಿಸಬಾರದು. ಪಿಷ್ಟ ಕಡಿಮೆಯಾದೊಡನೆ ಇನ್ಸುಲಿನ್ನಿನ ಅಗತ್ಯವೂ ತಗ್ಗುತ್ತದೆ; ಹಳೆಯ ಪ್ರಮಾಣವನ್ನೇ ಚುಚ್ಚಿದರೆ ಸಕ್ಕರೆ ಕುಸಿಯುತ್ತದೆ.

ಇನ್ಸುಲಿನ್: ಭಯ ಬೇಡ, ಎಚ್ಚರ ಬೇಕು

ಸಾಮಾನ್ಯವಾಗಿ 12 ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕು. ಪ್ರಮಾಣವನ್ನು ವೈದ್ಯರು ನಿರ್ಧರಿಸುತ್ತಾರೆ. ಗುಂಡನಿಗೆ ಒಂದು ಯೂನಿಟ್ಟಿನಿಂದ ಆರಂಭವಾಯಿತು. ನಮ್ಮ ಮನೆಯಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ 7 ಗಂಟೆಗೆ, ಸಂಜೆ ದೀಪ ಹಚ್ಚಿದ ಮೇಲೆ 7 ಗಂಟೆಗೆ. ಮೊದಲು ಊಟ ಇಡುವುದು, ಅದು ತಿನ್ನುತ್ತಿರುವಾಗ ಹೆಗಲಿನ ಹಿಂದಿನ ಅಥವಾ ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಿನಿಂದ ಡೇರೆಯಂತೆ ಎತ್ತಿ ಅದರ ಬುಡಕ್ಕೆ ಸೂಜಿ ಹಾಕುವುದು. ಸೂಜಿ ಕೂದಲಿನಷ್ಟು ಸಣ್ಣದು. ಸಾವಿರಾರು ಜನರಿಗೆ ಚುಚ್ಚಿದ ನನ್ನ ಕೈ ಮೊದಲ ದಿನ ಹಿಂಜರಿಯಿತು. ಗುಂಡ ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ. ಈಗ ಆ ಕೆಲಸವನ್ನು ನಮ್ಮ ಮನೆಯವರು ನನಗಿಂತ ಹಗುರವಾಗಿ ಮಾಡುತ್ತಾರೆ.

ಸಿರಿಂಜಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ನಮ್ಮ ಔಷಧದಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜು ದೊರೆಯುತ್ತವೆ. ಕೆಂಪು ಮುಚ್ಚಳದ್ದು ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಇನ್ಸುಲಿನ್ನಿಗೆ. ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಒಳಹೋಗುವುದು 2 ಯೂನಿಟ್ ಆಗಿರದೆ 5 ಯೂನಿಟ್ ಆಗಿರುತ್ತದೆ. ಬೆಕ್ಕಿನ ಪ್ರಾಣ ಹೋಗಲು ಅಷ್ಟು ಸಾಕು. ಸೀಸೆಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಆಗಿವೆಯೇ ಎಂದು ಪ್ರತಿಸಲ ಹೊಸ ಪೊಟ್ಟಣ ತಂದಾಗಲೂ ನೋಡಿರಿ.

ಇನ್ಸುಲಿನ್ ಸೀಸೆಯನ್ನು ಫ್ರಿಜ್ಜಿನಲ್ಲಿಡಬೇಕು, ಹೆಪ್ಪುಗಟ್ಟಬಾರದು. ಬಿರುಸಾಗಿ ಅಲುಗಾಡಿಸಬಾರದು. ಚುಚ್ಚಿದ್ದು ಒಳಗೆ ಹೋಯಿತೋ ಹೊರಗೆ ಚೆಲ್ಲಿತೋ ಎಂಬ ಅನುಮಾನ ಬಂದರೆ ಎರಡನೆಯ ಸಲ ಚುಚ್ಚಬೇಡಿ. ಮುಂದಿನ ವೇಳೆಯವರೆಗೆ ತಡೆಯಿರಿ. ಬೆಕ್ಕು ಊಟ ಮುಟ್ಟದ ದಿನ ಎಂದಿನ ಪ್ರಮಾಣ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿರಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ವೇಳೆ, ಯೂನಿಟ್, ತಿಂದ ಪ್ರಮಾಣ, ಕುಡಿದ ನೀರು, ವಾರಕ್ಕೊಮ್ಮೆ ತೂಕ ಇಷ್ಟನ್ನು ಬರೆಯಿರಿ. ಯಾರು ಕೊಟ್ಟರೆಂದು ಸಹಿ ಇದ್ದರೆ ಇಬ್ಬರೂ ಕೊಟ್ಟುಬಿಡುವ ಪ್ರಮಾದ ತಪ್ಪುತ್ತದೆ. ಕಿವಿಯ ಅಂಚಿನಲ್ಲಿ ಸೂಜಿ ತಾಗಿಸಿ ಮನೆಯಲ್ಲಿಯೇ ಸಕ್ಕರೆ ನೋಡಬಹುದು. ಆದರೆ ಮನುಷ್ಯರ ಗ್ಲೂಕೋಮೀಟರು ಬೆಕ್ಕಿನಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ.

ಸಕ್ಕರೆ ಕುಸಿದರೆ

ಹೆಚ್ಚಿದ ಸಕ್ಕರೆಗಿಂತ ಕುಸಿದ ಸಕ್ಕರೆ ಬೇಗ ಕೊಲ್ಲುತ್ತದೆ. ಬೆಕ್ಕು ತೂರಾಡುವುದು, ಮಂಕಾಗಿ ಮೂಲೆ ಸೇರುವುದು, ಇದ್ದಕ್ಕಿದ್ದಂತೆ ವಿಪರೀತ ಹಸಿವು ತೋರುವುದು, ನಡುಗುವುದು, ಅಪಸ್ಮಾರದಂತೆ ಕೈಕಾಲು ಸೆಳೆಯುವುದು ಇದರ ಲಕ್ಷಣಗಳು. ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೇ ಊಟ ಕೊಡಿ. ಇಲ್ಲವಾದರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿನಿಂದ ಒಸಡಿಗೆ ಸವರಿ. ಪ್ರಜ್ಞೆಯಿಲ್ಲದಾಗ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಸೆಳವು ಬಂದಿರುವಾಗ ಬೆರಳು ಹಲ್ಲಿಗೆ ಸಿಗದಂತೆ ನೋಡಿಕೊಳ್ಳಿ. ಸವರಿದವರೇ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡರೂ ವೈದ್ಯರು ಹೇಳುವವರೆಗೆ ಮುಂದಿನ ಇನ್ಸುಲಿನ್ ಕೊಡಬೇಡಿ. ನಮ್ಮ ಹಿತ್ತಿಲ ಗೂಡಿನಲ್ಲಿ ಇದಕ್ಕೆಂದೇ ಒಂದು ಚಿಕ್ಕ ಜೇನಿನ ಬಾಟಲಿ ಇದೆ. ಒಂದು ಸಲ ಅದು ಕೆಲಸಕ್ಕೆ ಬಂದಿದೆ.

ಮನೆಯವರ ಮನಸ್ಸು

ರೋಗ ಗೊತ್ತಾದ ಮೊದಲ ವಾರಗಳಲ್ಲಿ ಬೆಕ್ಕಿಗಿಂತ ಮನೆಯವರೇ ಹೆಚ್ಚು ಕುಗ್ಗುತ್ತಾರೆ. ನಮ್ಮ ಮನೆಯವರಿಗೆ ತಾವು ಉಣಿಸಿದ ಹಾಲು ಅನ್ನದ ದುಃಖ. ನನಗೆ ಆ ಎಂಟು ದಿನಗಳ ನಾಚಿಕೆ. ಮೊಮ್ಮಗಳು ಒಂದು ರಾತ್ರಿ, "ನಾ ಮೊದಲ ಹೇಳಿದ್ರ ಗುಂಡಗ ಹಿಂಗ ಆಗ್ತಿರಲಿಲ್ಲೇನು ಅಜ್ಜಾ?" ಎಂದು ಅತ್ತಳು. ಎಲ್ಲರಿಗಿಂತ ಮೊದಲು ಕಂಡವಳೇ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು! ತಪ್ಪು ಅಜ್ಜನದೆಂದು ಅವಳಿಗೆ ಬಿಡಿಸಿ ಹೇಳಿದೆ. ಹಾಗೆ ಬಾಯಿಬಿಟ್ಟು ಹೇಳಿದ ಮೇಲೆ ನನ್ನ ಮನಸ್ಸೂ ಹಗುರವಾಯಿತು. ಪ್ರೀತಿಯಿಂದ, ತಿಳಿಯದೆ ಮಾಡಿದ್ದಕ್ಕೆ ಕೊರಗುತ್ತ ಕೂರುವುದಕ್ಕಿಂತ ಸಂಜೆಯ ಏಳು ಗಂಟೆಯನ್ನು ತಪ್ಪಿಸದಿರುವುದು ಮೇಲು.

ಖರ್ಚಿನ ಮಾತನ್ನೂ ಆಡಬೇಕು. ಇನ್ಸುಲಿನ್, ಸಿರಿಂಜು, ಡಬ್ಬಿ ಆಹಾರ, ಪರೀಕ್ಷೆ ಎಲ್ಲ ಸೇರಿದರೆ ಸಾಮಾನ್ಯ ಕುಟುಂಬಕ್ಕೆ ಹೊರೆಯೇ. ಇದನ್ನು ಪಶುವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳಿ; ತೀರ ಅವಶ್ಯವಾದ ಪರೀಕ್ಷೆಗಳಿಗೆ ಸೀಮಿತಗೊಳಿಸಿ ಚಿಕಿತ್ಸೆ ನಡೆಸಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಆಸ್ಪತ್ರೆಗಳಲ್ಲಿಯೂ ವಿಚಾರಿಸಬಹುದು. ಜಾತ್ರೆ, ಮದುವೆ, ಯಾತ್ರೆಗೆ ಹೊರಡುವಾಗ ಬೆಕ್ಕನ್ನು ಯಾರು ನೋಡಿಕೊಳ್ಳುವರೆಂಬುದು ಇನ್ನೊಂದು ಚಿಂತೆ. ನಾವು ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಚುಚ್ಚುವುದನ್ನು ಕಲಿಸಿದ್ದೇವೆ. ಕಳೆದ ಜಾತ್ರೆಗೆ ಎರಡು ದಿನ ಅವನೇ ನಿಭಾಯಿಸಿದ. ಹೊರೆಯಾಯಿತೆಂದು ಬೆಕ್ಕನ್ನು ಸಂತೆಯಲ್ಲೋ ಊರಾಚೆಯೋ ಬಿಟ್ಟುಬರುವವರನ್ನು ಕಂಡಿದ್ದೇನೆ. ಇನ್ಸುಲಿನ್ ಬೇಕಾದ ಪ್ರಾಣಿ ಹಾಗೆ ಹೆಚ್ಚು ದಿನ ಬದುಕದು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಈ ಹೊರೆ ಭಾರವೆನಿಸಿದಾಗ ನಾನು ಒಂದು ಇತಿಹಾಸವನ್ನು ನೆನೆಯುತ್ತೇನೆ. ಮೇದೋಜೀರಕ ಗ್ರಂಥಿ ತೆಗೆದರೆ ಮಧುಮೇಹ ಬರುವುದೆಂದು 1889ರಲ್ಲಿ ಜರ್ಮನಿಯ ವೈದ್ಯರಿಬ್ಬರಿಗೆ ತಿಳಿದದ್ದು ನಾಯಿಯೊಂದರ ಮೇಲೆ ಪ್ರಯೋಗ ನಡೆಸಿ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಜಾಡು ಹಿಡಿದದ್ದೂ ನಾಯಿಗಳ ಪ್ರಾಣದ ಬೆಲೆಯಲ್ಲಿಯೇ. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಚುಚ್ಚಿದ್ದು ದನದ ಗ್ರಂಥಿಯಿಂದ ತೆಗೆದ ರಸ. ಅಲ್ಲಿಂದ ಸುಮಾರು 60 ವರ್ಷ ಲೋಕದ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಗಳ ಇನ್ಸುಲಿನ್ನಿನಿಂದ. ಇಂದು ಪ್ರಯೋಗಾಲಯದಲ್ಲಿ ತಯಾರಾಗುವ, ಮನುಷ್ಯರಿಗೆಂದು ಮಾಡಿದ ಇನ್ಸುಲಿನ್ನೇ ಗುಂಡನನ್ನು ಕಾಯುತ್ತಿದೆ. ಮೂಕಪ್ರಾಣಿಗಳಿಂದ ಪಡೆದ ಸಾಲದಲ್ಲಿ ಒಂದು ಹನಿ ಮರಳಿ ಸಲ್ಲುತ್ತಿದೆ ಎಂದುಕೊಂಡು ಸಿರಿಂಜನ್ನು ಕೈಗೆತ್ತಿಕೊಳ್ಳುತ್ತೇನೆ.

ಮುಂದೇನು?

ಬೆಕ್ಕಿನ ಮಧುಮೇಹದಲ್ಲಿ ಒಂದು ಭರವಸೆಯ ಅಂಶವಿದೆ. ರೋಗ ತಿಳಿದ ಕೂಡಲೇ ಇನ್ಸುಲಿನ್ ಮತ್ತು ಸರಿಯಾದ ಪಥ್ಯ ಆರಂಭಿಸಿದರೆ, ದಣಿದ ಗ್ರಂಥಿ ಚೇತರಿಸಿಕೊಂಡು ಹಲವು ಬೆಕ್ಕುಗಳಲ್ಲಿ ಕೆಲವು ತಿಂಗಳುಗಳಲ್ಲಿ ಇನ್ಸುಲಿನ್ ನಿಲ್ಲಿಸುವ ಹಂತ ಬರುತ್ತದೆ. ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಹಾಗೆ ನಿಂತ ಮೇಲೂ ಪಥ್ಯ ಬಿಡುವಂತಿಲ್ಲ, ರೋಗ ಮರಳುವುದುಂಟು. ನಿಲ್ಲದಿದ್ದರೂ ನಿರಾಶರಾಗಬೇಕಿಲ್ಲ, ಕ್ರಮ ತಪ್ಪದೆ ನೋಡಿಕೊಂಡ ಬೆಕ್ಕುಗಳು ವರ್ಷಗಟ್ಟಲೆ ನೆಮ್ಮದಿಯಿಂದ ಬದುಕುತ್ತವೆ.

ಗುಂಡನ ಇನ್ಸುಲಿನ್ ಇನ್ನೂ ನಿಂತಿಲ್ಲ. ನಡುವೆ ಎರಡು ಯೂನಿಟ್ಟಿಗೆ ಏರಿ ಈಗ ಮತ್ತೆ ಒಂದಕ್ಕೆ ಇಳಿದಿದೆ. ತೂಕ 5 ಕಿಲೋ 600 ಗ್ರಾಂ. ಹಿಮ್ಮಡಿ ಊರಿ ನಡೆಯುತ್ತಿದ್ದುದು ಸರಿಹೋಗಿ ಹಿತ್ತಿಲ ಗೋಡೆಯನ್ನು ಮತ್ತೆ ಹತ್ತುತ್ತಿದೆ. ಬಚ್ಚಲ ಕಲ್ಲಿನ ಮೇಲೆ ಇರುವೆಗಳಿಲ್ಲ. ಆದರೂ ಪ್ರತಿದಿನ ಮುಂಜಾನೆ ಒಮ್ಮೆ ಅಲ್ಲಿ ಬಗ್ಗಿ ನೋಡುವುದು ನನಗೆ ರೂಢಿಯಾಗಿದೆ. ನಿಮ್ಮ ಮನೆಯ ಬೆಕ್ಕೂ ಹೆಚ್ಚು ನೀರು ಕುಡಿಯುತ್ತಿದ್ದರೆ, ಉಂಡರೂ ಇಳಿಯುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗಬೇಡಿ. ನನ್ನಂತೆ ಎಂಟು ದಿನ ಕಳೆಯಲೂ ಬೇಡಿ. ನಾಳೆ ಬೆಳಿಗ್ಗೆಯೇ ಪಶುವೈದ್ಯರಲ್ಲಿಗೆ ಒಯ್ಯಿರಿ.